ಹೆತ್ತೂರಿನ ಭಾನುವಾರದ ಮಳೆ

ಮೂರನೇ ವರ್ಷದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ದೇವೀರಪ್ಪ ಮೇಷ್ಟ್ರನ್ನು ಮೊದಲು ಕಂಡದ್ದು ಮಾರ್ಚ್ ತಿಂಗಳ ಒಂದು ಬುಧವಾರ, ಊಟವಾದ ಮೇಲಿನ ಮೊದಲ ಪೀರಿಯಡ್ಡಿನಲ್ಲಿ. ಅರವತ್ತನಾಲ್ಕು ವರ್ಷದ, ಇಸ್ತ್ರಿ ಮಾಡಿದ ಬಿಳಿ ಅಂಗಿಯ, ಕಂಕುಳಲ್ಲಿ ಕೊಡೆ ಅವುಚಿಕೊಂಡ ಒಬ್ಬರು ಬಾಗಿಲಲ್ಲಿ ನಿಂತಿದ್ದರು. ಮಗನ ಹಾಜರಾತಿ ವಿಚಾರಿಸಲು ಬಂದ ಯಾರೋ ತಂದೆಯಿರಬೇಕೆಂದು ತಿಳಿದ ಮುಂದಿನ ಬೆಂಚಿನ ಹುಡುಗನೊಬ್ಬ, ಆಫೀಸು ಕೆಳಗಡೆ ಇದೆ ಅಂಕಲ್ ಎಂದು ದಾರಿ ತೋರಿಸಿದ. ದೇವೀರಪ್ಪನವರು ಅವನಿಗೆ ಥ್ಯಾಂಕ್ಸ್ ಹೇಳಿ ಒಳಗೇ ಬಂದರು.

ಮನೆಯಿಂದ ತಂದಿದ್ದ ಸೀಮೆಸುಣ್ಣವನ್ನು ಜೇಬಿನಿಂದ ತೆಗೆದು ಬೋರ್ಡಿಗೆ ಒತ್ತಿದರೆ ಅದು ಜಾರಿತು. ಬೋರ್ಡು ಗಾಜಿನದು. ಯಾರೋ ಮಾರ್ಕರ್ ಕೊಟ್ಟರು. ‘ನೀತಿ’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು, ಮೂವತ್ತನಾಲ್ಕು ವರ್ಷದ ಅಭ್ಯಾಸದಂತೆ ಮಾರ್ಕರನ್ನು ಪೆನ್ನಿನ ಹಾಗೆ ಜೇಬಿಗೆ ಸಿಕ್ಕಿಸಿಕೊಂಡರು. ಮುಚ್ಚಳ ಮಾತ್ರ ಮೇಜಿನ ಮೇಲೆಯೇ ಉಳಿಯಿತು. ಮುಂದಿನ ಐವತ್ತು ನಿಮಿಷ ಇಡೀ ತರಗತಿ ಅವರ ಎದೆಯ ಕಡೆಯೇ ಕಣ್ಣು ನೆಟ್ಟು ಕುಳಿತಿತ್ತು. ಇಷ್ಟು ಏಕಾಗ್ರತೆಯ ಮಕ್ಕಳನ್ನು ತಾವು ಸರ್ವೀಸಿನಲ್ಲೇ ಕಂಡಿಲ್ಲವೆಂದು ಅವರು ಹಿಗ್ಗಿದರು. ಬಸ್ಸಿನಲ್ಲಿ ಕಂಡಕ್ಟರ್ ಹೇಳಿದ ಮೇಲೆಯೇ ಅಂಗೈಯಗಲದ ನೀಲಿ ಕಲೆ ಅವರ ಕಣ್ಣಿಗೆ ಬಿದ್ದದ್ದು.

ಆ ದಿನದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಹಾಜರಿ ಕರೆದಾಗ ಐವತ್ತೆಂಟು ಹೆಸರಿಗೂ ‘ಪ್ರೆಸೆಂಟ್ ಸಾರ್’ ಬಂದಿತ್ತು, ತಲೆ ಎಣಿಸಿದರೆ ನಲವತ್ತು. ಹಿಂದಿನ ಬೆಂಚಿನ ಅಭಿಷೇಕ್ ಎಂಬುವನು ಐದು ಜನರಿಗೆ ಐದು ಸ್ವರದಲ್ಲಿ ಉತ್ತರ ಕೊಟ್ಟಿದ್ದ, ಅದರಲ್ಲಿ ಒಂದು ಹೆಣ್ಣು ಸ್ವರ. ದೇವೀರಪ್ಪನವರು ಗದರಲಿಲ್ಲ. “ಗಂಟಲು ಒಣಗಿರ್ತದೆ, ಒಂದು ಗುಟುಕು ನೀರು ಕುಡಿಯಪ್ಪ” ಎಂದರು. ತರಗತಿ ನಕ್ಕಿತು. ಮಕ್ಕಳು ಪ್ರಾಕ್ಸಿ ಎಂದು ಕರೆಯುವ ಸುಳ್ಳು ಹಾಜರಿಯ ಮೇಲೆ ಒಂದು ಪುಟ್ಟ ಭಾಷಣವನ್ನೂ ಮಾಡಿದರು. ಆ ಭಾಷಣ ಐದು ತಿಂಗಳಾದ ಮೇಲೆ ತಮ್ಮ ಕಡೆಗೇ ತಿರುಗಿ ಬರುವುದೆಂದು ಆಗ ಅವರಿಗೆ ತಿಳಿದಿರಲಿಲ್ಲ.

ನಿವೃತ್ತ ಕನ್ನಡ ಮೇಷ್ಟ್ರು ಕಂಪ್ಯೂಟರ್ ಮಕ್ಕಳ ಮುಂದೆ ನಿಂತದ್ದಕ್ಕೆ ಕಾರಣ ಪ್ರತಾಪ್. ಹೆತ್ತೂರಿನ ಹೈಸ್ಕೂಲಿನಲ್ಲಿ ಅವರ ಕೈಯಲ್ಲಿ ಕಲಿತವನು, ಈಗ ಆಲೂರಿನಾಚೆ ಹೆದ್ದಾರಿ ಪಕ್ಕದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಾರಕ್ಕೊಂದು ಗಂಟೆಯ ವೃತ್ತಿನೀತಿ ಪಾಠವನ್ನು ಅಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಹತ್ತನೇ ತರಗತಿಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದಾಗ ನನಗೆ ಏನು ಹೇಳಿದಿರೋ ಅದನ್ನೇ ಇವರಿಗೂ ಹೇಳಿ ಸಾರ್, ಸಿಲಬಸ್ ಅಷ್ಟೇ ಎಂದು ಅವನು ಫೋನಿನಲ್ಲಿ ಹೇಳಿದಾಗ ದೇವೀರಪ್ಪನವರು ಒಂದು ಇಂಚು ಬೆಳೆದರು. ಅವರ ಹೆಂಡತಿ ಮಾದಮ್ಮ ಆ ಇಂಚನ್ನು ಅಲ್ಲಿಯೇ ಕತ್ತರಿಸಿದರು.

“ಕಂಪ್ಯೂಟರ್ ಮಕ್ಕಳಿಗೆ ನೀವಾ? ಮೊಬೈಲಲ್ಲಿ ಫೋಟೋ ತೆಗೆದ್ರೆ ನಿಮ್ಮ ಹೆಬ್ಬೆಟ್ಟೇ ಬೀಳ್ತದೆ.”

ಪಠ್ಯಪುಸ್ತಕ ಇಂಗ್ಲಿಷಿನಲ್ಲಿತ್ತು. ಅದರಲ್ಲಿನ ಉದಾಹರಣೆಗಳೆಲ್ಲ ದೂರದೇಶದವು. ಎರಡು ವಾರ ಅದನ್ನು ಓದಿ ಹೇಳಿದರು. ಮಕ್ಕಳು ಆಕಳಿಸಿದರು, ಅವರಿಗೂ ಆಕಳಿಕೆ ಬಂತು. ಮೂರನೆಯ ವಾರ ಪುಸ್ತಕ ಮುಚ್ಚಿಟ್ಟು ತಮ್ಮ ಮಳೆ ಪುಸ್ತಕದ ಕಥೆ ತೆಗೆದರು.

ಸಕಲೇಶಪುರದ ಕಡೆ ಕಾಫಿ ತೋಟವಿದ್ದವರ ಮನೆಯಲ್ಲಿ ಮಳೆ ಪುಸ್ತಕ ಇದ್ದೇ ಇರುತ್ತದೆ. ಅಂಗಳದಲ್ಲೋ ಕಣದ ಮೂಲೆಯಲ್ಲೋ ಮಳೆಮಾಪಕ ನಿಲ್ಲಿಸಿ, ಬೆಳಿಗ್ಗೆ ಒಂದು ಹೊತ್ತು ಗೊತ್ತುಮಾಡಿಕೊಂಡು ಒಳಗಿನ ಬಾಟಲಿಯ ನೀರನ್ನು ಅಳೆದು, ಇಷ್ಟು ಇಂಚು ಇಷ್ಟು ಸೆಂಟ್ ಎಂದು ಬರೆದಿಡುತ್ತಾರೆ. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ಆಮೇಲೆ ಅಕ್ಕಪಕ್ಕದವರಿಗೆ ಫೋನು ಮಾಡಿ ‘ನಿಮಗೆಷ್ಟು ಬಂತು’ ಎಂದು ಕೇಳದೆ ಕಾಫಿ ಗಂಟಲಿಗಿಳಿಯುವುದಿಲ್ಲ. ದೇವೀರಪ್ಪನವರ ಶಾಲೆಗೆ ಪಕ್ಕದ ಎಸ್ಟೇಟಿನವರು ತಮ್ಮ ಹಳೆಯ ಮಾಪಕವನ್ನೂ ಉದ್ದನೆಯ ನೋಟುಬುಕ್ಕನ್ನೂ ದಾನ ಕೊಟ್ಟಿದ್ದರು. ಹದಿನೆಂಟು ವರ್ಷ ಅದನ್ನು ನೋಡಿಕೊಂಡವರು ದೇವೀರಪ್ಪನವರು. ತರಗತಿಯಲ್ಲಿ ಅವರು ಹೇಳಿದ್ದು ಹೀಗೆ: ಬಾಟಲಿಯಲ್ಲಿ ಎಷ್ಟಿತ್ತೋ ಅಷ್ಟೇ ಬರೆದೆ, ಒಂದು ಸೆಂಟ್ ಹೆಚ್ಚಿಲ್ಲ, ಒಂದು ಸೆಂಟ್ ಕಡಿಮೆಯಿಲ್ಲ; ನಿಮ್ಮ ಕಂಪ್ಯೂಟರಿಗೆ ಅಂಕಿ ಕೊಡುವಾಗಲೂ ಹಾಗೆಯೇ ಕೊಡಿ.

ಹೇಳುವಾಗ ಅವರ ಕಂಠ ಸ್ವಲ್ಪ ಗದ್ಗದವಾಯಿತು. ತಮ್ಮ ಪ್ರಾಮಾಣಿಕತೆ ತಮಗೇ ಅಷ್ಟು ಹಿಡಿಸಿತ್ತು.

ತರಗತಿ ಮುಗಿದ ಮೇಲೆ ಎರಡನೇ ಬೆಂಚಿನ ನವ್ಯಶ್ರೀ ಬಂದು, ಆ ಪುಸ್ತಕಗಳು ಈಗಲೂ ಇವೆಯೇ ಎಂದು ಕೇಳಿದಳು. ಅವಳು ಹೆತ್ತೂರಿನವಳು, ದೇವೀರಪ್ಪನವರ ಹಳೆಯ ಶಿಷ್ಯ ಧರ್ಮನ ಮಗಳು. ಧರ್ಮನಿಗೆ ನಾಲ್ಕು ಎಕರೆ ಕಾಫಿ, ಅದರೊಳಗೆ ಮೆಣಸು. ಮುಂಗಾರಿನ ನಡುವೆ ಕಾಫಿಗೂ ಮೆಣಸಿಗೂ ಕೊಳೆರೋಗ ಬಾರದಂತೆ ಬೋರ್ಡೋ ಹೊಡೆಯಬೇಕು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಆ ಔಷಧಿಯನ್ನು ಕಲಸಿದ ದಿನವೇ ಹೊಡೆದು ಮುಗಿಸಬೇಕು, ಹೊಡೆದ ಮೇಲೆ ಕೆಲವು ಗಂಟೆಯಾದರೂ ಮಳೆ ಬಿಟ್ಟಿರಬೇಕು, ಇಲ್ಲದಿದ್ದರೆ ಎಲ್ಲ ತೊಳೆದು ಹಳ್ಳಕ್ಕೆ. ಹೆತ್ತೂರಿನಂಥ ಊರಿನಲ್ಲಿ ಆ ಬಿಡುವು ಯಾವಾಗ ಸಿಗುತ್ತದೆಂದು ಹಳೆಯ ಮಳೆಯ ಅಂಕಿಗಳಿಂದ ಊಹಿಸುವ ಒಂದು ಪ್ರೋಗ್ರಾಂ ಮಾಡಬೇಕೆಂಬುದು ನವ್ಯಶ್ರೀಯ ಪ್ರಾಜೆಕ್ಟು.

ದೇವೀರಪ್ಪನವರು ಮರುವಾರವೇ ಪುಸ್ತಕಗಳನ್ನು ಚೀಲದಲ್ಲಿ ಹೊತ್ತು ತಂದು ಕೊಟ್ಟರು. ಕೊಡುವ ಮೊದಲು ಒಮ್ಮೆ ಅಂಕಿಗಳನ್ನು ನೋಡಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅವರು ನೋಡಿದ್ದು ಅಕ್ಷರವನ್ನು ಮಾತ್ರ. ಎಷ್ಟು ದುಂಡಗಿದೆ ಎಂದುಕೊಂಡರು.

ಬೇಸಿಗೆಯೆಲ್ಲ ಕುಳಿತು ಆ ಹುಡುಗಿ ಹದಿನೆಂಟು ವರ್ಷದ ಮಳೆಯನ್ನು ಕಂಪ್ಯೂಟರಿಗೆ ಹೊಡೆದಳು. ಆಗಸ್ಟ್ ಮೊದಲ ವಾರದ ಬುಧವಾರ ಲ್ಯಾಪ್‌ಟಾಪ್ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಪರದೆಯ ಮೇಲೆ ಏಳು ಕಂಬಗಳಿದ್ದವು, ವಾರದ ಏಳು ದಿನಕ್ಕೆ ಒಂದೊಂದು. ಐದು ಕಂಬ ಹೆಚ್ಚುಕಡಿಮೆ ಒಂದೇ ಎತ್ತರ. ಭಾನುವಾರದ್ದು ಮೊಣಕಾಲೆತ್ತರ, ಸೋಮವಾರದ್ದು ತೆಂಗಿನ ಮರ.

“ಸಾರ್, ಹೆತ್ತೂರಲ್ಲಿ ಭಾನುವಾರ ಮಳೆ ಬಿಡುವು ಕೊಡುತ್ತೆ. ಹದಿನೆಂಟು ವರ್ಷನೂ ಹಂಗೇ ಐತೆ. ಪ್ರೋಗ್ರಾಂ ತಾನೇ ಕಂಡುಹಿಡೀತು.”

ಪ್ರತಾಪ್ ಸಾರ್ ಇದನ್ನು ಕಾಲೇಜಿನ ಎಕ್ಸಿಬಿಷನ್ನಿಗೆ ಕಳಿಸುತ್ತಾರಂತೆ. ಅಪ್ಪ ಕೇಳಿ ಬಹಳ ಖುಷಿಪಟ್ಟನಂತೆ, ಆರು ಮನೆಯವರು ಸೇರಿ ಒಂದೇ ಪಂಪು ಗೊತ್ತುಮಾಡಿದ್ದಾರಂತೆ, ಬರುವ ಭಾನುವಾರವೇ ಬೋರ್ಡೋ ಹೊಡೆಯುತ್ತಾರಂತೆ. ಅವಳು ಹೇಳುತ್ತಲೇ ಇದ್ದಳು. ದೇವೀರಪ್ಪನವರು ಆ ಮೊಣಕಾಲೆತ್ತರದ ಕಂಬವನ್ನೇ ನೋಡುತ್ತಿದ್ದರು. ಅದರ ಗುರುತು ಅವರಿಗೆ ಸಿಕ್ಕಿತ್ತು. ಅದು ಹೆತ್ತೂರಿನ ಮಳೆಯಲ್ಲ, ಬೆಳಗೋಡಿನ ತಮ್ಮ ಮನೆಯ ಅಂಗಳದಲ್ಲಿಡುತ್ತಿದ್ದ ತಂಬಿಗೆಯ ಮಳೆ.

ನಡೆದದ್ದು ಇಷ್ಟು. ಆ ಕಾಲದಲ್ಲಿ ಅವರು ವಾರದ ದಿನಗಳಲ್ಲಿ ಶಾಲೆಯ ಪಕ್ಕದ ಕೋಣೆಯಲ್ಲಿದ್ದು, ಶನಿವಾರ ಬೆಳಗಿನ ಶಾಲೆ ಮುಗಿಸಿ ಬೆಳಗೋಡಿಗೆ ಬಂದು, ಸೋಮವಾರ ಮೊದಲ ಬಸ್ಸಿಗೆ ಹಿಂತಿರುಗುತ್ತಿದ್ದರು. ಭಾನುವಾರ ಅಳೆಯುವವರಿರಲಿಲ್ಲ. ಮೊದಲ ನಾಲ್ಕು ವಾರ ಭಾನುವಾರದ ಚೌಕವನ್ನು ಖಾಲಿ ಬಿಟ್ಟರು. ಐದನೆಯ ವಾರ ತಪಾಸಣೆಗೆ ಬಂದ ಸಾಹೇಬರೊಬ್ಬರು ಪುಸ್ತಕ ತಿರುವಿ, ನಿಮ್ಮ ಹೆತ್ತೂರಿಗೆ ಭಾನುವಾರ ಮಳೆ ಬರಲ್ವೇನ್ರೀ ಎಂದು ಎಲ್ಲರ ಮುಂದೆ ನಕ್ಕರು. ದೇವೀರಪ್ಪನವರಿಗೆ ಪೂರ್ಣವಿರಾಮವಿಲ್ಲದ ವಾಕ್ಯ ಕಂಡರೇ ಮೈ ಉರಿಯುತ್ತಿತ್ತು, ಇನ್ನು ಖಾಲಿ ಚೌಕವನ್ನು ಹೇಗೆ ಸಹಿಸುತ್ತಾರೆ? ಮುಂದಿನ ಭಾನುವಾರದಿಂದ ಅಂಗಳದಲ್ಲಿ ತಂಬಿಗೆಯಿಟ್ಟು, ಅಡಿಪಟ್ಟಿ ಅದ್ದಿ ನೋಡಿ, ಸೋಮವಾರ ಹೋಗಿ ಅದನ್ನೇ ಹೆತ್ತೂರಿನ ಲೆಕ್ಕದಲ್ಲಿ ಬರೆದರು. ಬೆಳಗೋಡಿನ ಮಳೆ ಹೆತ್ತೂರಿನ ಮಳೆಯ ಮುಂದೆ ಏನೂ ಅಲ್ಲ. ಇತ್ತ ಹೆತ್ತೂರಿನ ಬಾಟಲಿಯಲ್ಲಿ ಎರಡು ದಿನದ ನೀರು ತುಂಬಿರುತ್ತಿತ್ತು. ಅದಷ್ಟೂ ಸೋಮವಾರದ ತಲೆಗೆ ಬಿತ್ತು.

ಇದನ್ನು ಮುಚ್ಚಿಟ್ಟುಕೊಂಡು ಅವರು ತರಗತಿಯಲ್ಲಿ ಭಾಷಣ ಮಾಡಿದರೆಂದಲ್ಲ. ಅವರಿಗದು ನೆನಪೇ ಇರಲಿಲ್ಲ. ಪ್ರತಿ ಸೋಮವಾರ ಮಾಡಿದ ಕೆಲಸ ಹಲ್ಲುಜ್ಜಿದ ಹಾಗೆ, ಅದರಲ್ಲಿ ತಪ್ಪಿದೆಯೆಂದು ಯಾರು ಹುಡುಕುತ್ತಾರೆ?

ಈಗಲಾದರೂ ಹೇಳಬೇಕಿತ್ತು. ಹುಡುಗಿ ಎದುರಿಗೇ ನಿಂತಿದ್ದಳು. ನೀತಿಶಾಸ್ತ್ರದ ಅಧ್ಯಾಪಕರು ಗಂಟಲು ಸರಿಮಾಡಿಕೊಂಡು, “ಒಳ್ಳೇದಾಯ್ತಮ್ಮ” ಎಂದು ಹೇಳಿ ಕೊಡೆ ತೆಗೆದುಕೊಂಡು ಹೊರಟುಬಿಟ್ಟರು.

ಅವತ್ತು ಬಸ್ಸಿನಲ್ಲಿ ಬೆಳಗೋಡು ದಾಟಿ ಎರಡು ಸ್ಟಾಪು ಮುಂದೆ ಹೋಗಿ ನಡೆದು ಬಂದರು. ಮುದ್ದೆ ಮುರಿಯದೆ ಕುಳಿತವರನ್ನು ಮಾದಮ್ಮ ಎರಡು ಸಲ ಕೇಳಿದ ಮೇಲೆ ವಿಷಯ ಹೊರಬಿತ್ತು. ಮಾದಮ್ಮ ಸಾರಿನ ಸೌಟನ್ನು ಪಾತ್ರೆಗೆ ಹಾಕಿಟ್ಟರು. ಆಮೇಲೆ ಕೇಳಿದರು:

“ಅಂದ್ರೆ ಆ ಧರ್ಮ ನಮ್ಮ ತಂಬಿಗೆ ನಂಬ್ಕೊಂಡು ಔಷಧಿ ಹೊಡೀತಾನಾ?”

ಗುರುವಾರ ದೇವೀರಪ್ಪನವರು ಆಕಾಶ ನೋಡಿದರು. ಭಾನುವಾರ ನಿಜವಾಗಿಯೂ ಬಿಸಿಲು ಬಂದರೆ ಏನೂ ಹೇಳಬೇಕಾಗಿಲ್ಲವಲ್ಲ ಎಂಬ ಆಸೆ. ಶುಕ್ರವಾರ ನವ್ಯಶ್ರೀಗೆ ಒಂದು ಮೆಸೇಜು ಬರೆಯಲು ಕುಳಿತರು. ‘ಚಿರಂಜೀವಿ ಸೌಭಾಗ್ಯವತಿ’ ಎಂದು ಮೊದಲುಮಾಡಿ, ಅವಳಿಗಿನ್ನೂ ಮದುವೆಯಾಗಿಲ್ಲವೆಂದು ಅಳಿಸಿ, ‘ಕುಮಾರಿ’ ಎಂದು ತಿದ್ದಿ, ಸಂಧಿ ಸಮಾಸ ಎಲ್ಲ ಸರಿಯಾಗಿರುವ ನಾಲ್ಕು ವಾಕ್ಯ ಬರೆದರು. ಓದಿ ನೋಡಿದರೆ ನಾಲ್ಕರಲ್ಲಿ ಎಲ್ಲಿಯೂ ತಂಬಿಗೆ ಬಂದಿರಲಿಲ್ಲ. ಅದನ್ನೂ ಅಳಿಸಿದರು. ಧರ್ಮನಿಗೆ ಫೋನು ಮಾಡಿದರು, ಹತ್ತಲಿಲ್ಲ. ಮಳೆಗಾಲದಲ್ಲಿ ಹೆತ್ತೂರಿನ ಟವರು ಹೀಗೆಯೇ. ಪ್ರಯತ್ನವಂತೂ ಮಾಡಿದೆ ಎಂದು ಫೋನು ಕೆಳಗಿಡುವಾಗ ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ಮಾದಮ್ಮ ನೋಡಿಬಿಟ್ಟರು.

“ಬಸ್ಸಿಗೇನು ಟವರು ಬೇಕಾ?” ಎಂದರು.

ಶನಿವಾರ ಮಧ್ಯಾಹ್ನ ದೇವೀರಪ್ಪನವರು ಧರ್ಮನ ಅಂಗಳಕ್ಕೆ ಬಂದಾಗ ಆರೂ ಮನೆಯ ಗಂಡಸರು ಅಲ್ಲಿ ಸೇರಿದ್ದರು. ಡ್ರಮ್ಮಿಗೆ ನೀರು ತುಂಬಿತ್ತು. ಮೈಲುತುತ್ತವನ್ನು ಗೋಣಿತಾಟಿನಲ್ಲಿ ಗಂಟು ಕಟ್ಟಿ, ಮಾರನೆಯ ಬೆಳಗಿನ ಹೊತ್ತಿಗೆ ಕರಗಲೆಂದು ನೀರಿನಲ್ಲಿ ಇಳಿಬಿಡುವುದೊಂದು ಬಾಕಿ. ನವ್ಯಶ್ರೀಯೂ ಹಾಸ್ಟೆಲಿನಿಂದ ಬಂದು ಜಗಲಿಯ ಮೇಲಿದ್ದಳು. ಮೇಷ್ಟ್ರು ಬಂದರೆಂದು ಧರ್ಮ ಕುರ್ಚಿ ತರಿಸಿದ, ಕಾಫಿ ತರಿಸಿದ, ನಿಮ್ಮ ಪುಸ್ತಕದಿಂದ ನಮಗೆಲ್ಲ ಉಪಕಾರವಾಯಿತೆಂದು ಹೇಳಿದ. ದೇವೀರಪ್ಪನವರು ಕುರ್ಚಿಯಲ್ಲಿ ಕೂರಲಿಲ್ಲ.

“ಧರ್ಮ, ಅದನ್ನ ನೀರಿಗೆ ಬಿಡಬೇಡ ಕಣೋ. ನನ್ನ ಭಾನುವಾರಗಳು ಸುಳ್ಳು.”

ತಂಬಿಗೆ, ಅಡಿಪಟ್ಟಿ, ಸಾಹೇಬರು, ಸೋಮವಾರದ ಬಸ್ಸು ಎಲ್ಲವನ್ನೂ ಹೇಳಿದರು. ಹೇಳುವಾಗ ವ್ಯಾಕರಣ ತಪ್ಪಿತು, ಅದನ್ನು ತಿದ್ದಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಮೊದಲು ಮಾತಾಡಿದವಳು ನವ್ಯಶ್ರೀ.

“ಹದಿನೆಂಟು ವರ್ಷನೂನಾ ಸಾರ್?”

“ಮೊದಲ ನಾಲ್ಕು ವಾರ ಬಿಟ್ಟು.”

ಅವಳು ಎದ್ದು ಒಳಗೆ ಹೋದಳು. ಅವಳ ಬೇಸಿಗೆ ರಜೆ, ಎಕ್ಸಿಬಿಷನ್ನು, ತಾನೇ ಕಂಡುಹಿಡಿದೆನೆಂಬ ಸಂತೋಷ, ಮೂರೂ ಅವಳ ಹಿಂದೆ ಬಾಗಿಲು ದಾಟಿ ಹೋದದ್ದು ದೇವೀರಪ್ಪನವರಿಗೆ ಕಂಡಿತು. ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರವಾಗುತ್ತದೆಂದು ಅವರು ಎಷ್ಟೋ ಮಕ್ಕಳಿಗೆ ಹೇಳಿದ್ದರು. ಹಾಗೇನೂ ಆಗಲಿಲ್ಲ.

ಧರ್ಮ ಗೋಣಿತಾಟಿನ ಗಂಟನ್ನು ಕೆಳಗಿಟ್ಟು ತಲೆ ಕೆರೆದುಕೊಂಡ.

“ನಂಗೂ ಅನುಮಾನ ಇತ್ತು ಸಾರ್. ಭಾನುವಾರನೂ ತೋಟದಲ್ಲಿ ನೆಂದು ತೊಪ್ಪೆ ಆಗಿರೋನು ನಾನೇ ಅಲ್ವಾ? ಆದ್ರೆ ಕಂಪ್ಯೂಟರಲ್ಲಿ ಬಂದೈತೆ, ಅದರ ಹಿಂದೆ ನಿಮ್ಮ ಕೈಬರಹ ಐತೆ. ನಾನೇ ಎಲ್ಲೋ ವಾರ ತಪ್ಪಿರಬೇಕು ಅಂದ್ಕೊಂಡ್ಬುಟ್ಟೆ.”

ಯಾವ ಬೈಗುಳವೂ ದೇವೀರಪ್ಪನವರನ್ನು ಇಷ್ಟು ಚುಚ್ಚುತ್ತಿರಲಿಲ್ಲ. ತನ್ನ ಒದ್ದೆ ಅಂಗಿಗಿಂತ ಮೇಷ್ಟ್ರ ದುಂಡಕ್ಷರವನ್ನು ಹೆಚ್ಚು ನಂಬಿದವನು ಇವನು. ಹಾಗೆ ನಂಬುವುದನ್ನು ಕಲಿಸಿದವರೂ ತಾವೇ.

ಭಾನುವಾರದ ಬೋರ್ಡೋ ನಿಂತಿತು. ಪಂಪು ಬೇರೆ ಊರಿಗೆ ಹೋಯಿತು.

ಇನ್ನು ಮುಂದಿನದನ್ನು ದೇವೀರಪ್ಪನವರು ಇಂದಿಗೂ ತಲೆ ಚಚ್ಚಿಕೊಂಡೇ ಹೇಳುತ್ತಾರೆ. ಆ ಭಾನುವಾರ ಹೆತ್ತೂರಿಗೆ ಒಂದು ಹನಿ ಮಳೆ ಬರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಚುರುಕು ಬಿಸಿಲು. ಜನ ಕಂಬಳಿ ಒಣಗಿಸಿಕೊಂಡರು. ಸೋಮವಾರ ಹಿಡಿದ ಮಳೆ ಐದು ಇಂಚು. ಎಲ್ಲವೂ ಪ್ರೋಗ್ರಾಂ ಹೇಳಿದ ಹಾಗೆಯೇ. ಆರು ಮನೆಯ ಪೈಕಿ ಸೋಮಯ್ಯ ಎಂಬುವರು ಟವರು ಹತ್ತಿದ ಕೂಡಲೇ ಫೋನು ಮಾಡಿದರು.

“ಮೇಷ್ಟ್ರೇ, ಹದಿನೆಂಟು ವರ್ಷ ಸುಳ್ಳು ಬರೆದೋರು ಇನ್ನೊಂದು ದಿನ ಸುಮ್ನಿದ್ದಿದ್ರೆ ಏನಾಗ್ತಿತ್ತು ಮಾರಾಯ್ರೇ?”

ಹೆತ್ತೂರಿನಲ್ಲಿ ಬೋರ್ಡೋ ಬಿದ್ದದ್ದು ಮತ್ತೆ ಹನ್ನೊಂದು ದಿನಕ್ಕೆ, ಅಷ್ಟರಲ್ಲಿ ಸೋಮಯ್ಯನವರ ತೋಟದ ಒಂದು ಮೂಲೆಗೆ ಕೊಳೆ ಬಂದಿತ್ತು.

ಮರು ಬುಧವಾರ ದೇವೀರಪ್ಪನವರು ತರಗತಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದರು, ಬಿಸಿಲು ಬಂದದ್ದನ್ನೂ ಬಿಡಲಿಲ್ಲ. ಮುಗಿಸಿ, ಯಾರಾದರೂ ಏನಾದರೂ ಕೇಳುವುದಿದ್ದರೆ ಕೇಳಬಹುದು ಎಂದರು. ಹಿಂದಿನ ಬೆಂಚಿನಿಂದ ಅಭಿಷೇಕ್ ಎದ್ದ. ಬಹಳ ವಿನಯದಿಂದ ಕೇಳಿದ:

“ಸಾರ್, ಅಂದ್ರೆ ನೀವು ಹದಿನೆಂಟು ವರ್ಷ ಮಳೆಗೆ ಪ್ರಾಕ್ಸಿ ಹಾಕಿದ್ರಾ?”

ತರಗತಿ ಕಟ್ಟಡ ಬೀಳುವ ಹಾಗೆ ನಕ್ಕಿತು. ಹೆಚ್ಚು ಹೊತ್ತು ನಕ್ಕವರು ದೇವೀರಪ್ಪನವರೇ. ನಿನ್ನದು ಐದು ಜನಕ್ಕೆ, ನನ್ನದು ಒಂಬೈನೂರು ಭಾನುವಾರಕ್ಕೆ, ನೀನಿನ್ನೂ ಕಲಿಯುವುದು ಬಹಳ ಇದೆ ಎಂದು ಅವನನ್ನು ಕೂರಿಸಿದರು. ನವ್ಯಶ್ರೀ ನಗಲಿಲ್ಲ. ಅವಳು ಕೈಯೆತ್ತಿ, ಬಿಸಿಲು ಬಂದದ್ದು ಒಂದು ಭಾನುವಾರ, ಒಂದು ಭಾನುವಾರದಿಂದ ಪುಸ್ತಕ ನಿಜವಾಗುವುದಿಲ್ಲ ಎಂದಳು. ಅಷ್ಟು ಹೇಳಲು ಅವಳಿಗೆ ನಾಲ್ಕು ದಿನ ಬೇಕಾಗಿತ್ತು. ಅವಳು ಭಾನುವಾರ, ಸೋಮವಾರಗಳನ್ನೆಲ್ಲ ತೆಗೆದುಹಾಕಿ ಪ್ರೋಗ್ರಾಮನ್ನು ಮತ್ತೆ ನಡೆಸಿದ್ದಳು. ಬಿಡುವಿನ ದಿನ ಯಾವುದೆಂದು ಅದಕ್ಕೀಗ ಹೇಳಲು ಬರುತ್ತಿರಲಿಲ್ಲ. ಎಕ್ಸಿಬಿಷನ್ನಿನ ಪಟ್ಟಿಯಿಂದ ಅವಳೇ ಹೆಸರು ತೆಗೆಸಿದಳು. ಪ್ರತಾಪ್ ಒಂದು ವಾರ ಮೇಷ್ಟ್ರ ಜೊತೆ ಅಷ್ಟಕ್ಕಷ್ಟೇ ಮಾತಾಡಿದ.

ಪೀರಿಯಡ್ ಮುಗಿದ ಮೇಲೆ ಅವಳು ಮೇಜಿನ ಹತ್ತಿರ ಬಂದಳು. ಕ್ಷಮೆ ಕೇಳಬೇಕೆಂದು ಮೇಷ್ಟ್ರು ಎರಡು ವಾಕ್ಯ ಸಿದ್ಧಮಾಡಿಕೊಂಡಿದ್ದರು. ಅವಳು ಅದಕ್ಕೆ ಕಾಯಲಿಲ್ಲ.

“ಸಾರ್, ನಂಗೆ ನಿಜವಾದ ಭಾನುವಾರ ಬೇಕು. ಶಾಲೇಲಿ ಈಗಲೂ ವಾರದ ದಿನ ಅಳೀತಾರಂತೆ. ಭಾನುವಾರಕ್ಕೆ ಯಾರೂ ಇಲ್ಲ.”

“ನಿಮ್ಮಪ್ಪ ಇದ್ದಾನಲ್ಲಮ್ಮ, ಅಲ್ಲೇ ಪಕ್ಕದಲ್ಲಿ.”

“ಅಪ್ಪ ಸುಳ್ಳು ಬರೆದಿಲ್ವಲ್ಲ ಸಾರ್.”

ಇದೆಲ್ಲ ಆಗಿ ಎರಡು ವರ್ಷವಾಯಿತು. ನವ್ಯಶ್ರೀ ಓದು ಮುಗಿಸಿ ಈಗ ಹಾಸನದಲ್ಲಿ ಕೆಲಸದಲ್ಲಿದ್ದಾಳೆ. ಪ್ರೋಗ್ರಾಮನ್ನು ಕೈಬಿಟ್ಟಿಲ್ಲ, ಹೊಸ ಅಂಕಿಗಳಿಗಾಗಿ ಕಾಯುತ್ತಿದ್ದಾಳೆ. ದೇವೀರಪ್ಪನವರು ಬುಧವಾರದ ಪಾಠವನ್ನು ಇನ್ನೂ ಮಾಡುತ್ತಾರೆ. ಪಠ್ಯಪುಸ್ತಕದ ಮೊದಲ ಅಧ್ಯಾಯಕ್ಕೆ ಮುಂಚೆ ತಂಬಿಗೆಯ ಅಧ್ಯಾಯ ಬರುತ್ತದೆ. ಮಾರ್ಕರಿನ ಮುಚ್ಚಳವನ್ನು ಈಗಲೂ ಮರೆಯುತ್ತಾರೆ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದು, ಸಕಲೇಶಪುರದಲ್ಲಿ ಬದಲಾಯಿಸಿ, ಹೆತ್ತೂರಿಗೆ ಹೋಗುತ್ತಾರೆ. ಮಾಪಕವಿರುವುದು ಆಟದ ಮೈದಾನದ ಆಚೆಯ ಹುಲ್ಲಿನಲ್ಲಿ. ಮಳೆಗಾಲದಲ್ಲಿ ಅಲ್ಲಿ ಹುಲ್ಲಿಗಿಂತ ಜಿಗಣೆಯೇ ಹೆಚ್ಚು. ದೇವೀರಪ್ಪನವರಿಗೆ ಜಿಗಣೆಯೆಂದರೆ ಮೊದಲಿನಿಂದಲೂ ಪ್ರಾಣಭಯ. ಮಾದಮ್ಮ ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು ಹಚ್ಚಿ ಕಳಿಸುತ್ತಾರೆ, ಆದರೂ ಒಂದೆರಡು ಹತ್ತೇ ಹತ್ತುತ್ತವೆ. ಒಂದು ಕಾಲೆತ್ತಿ ಕುಣಿಯುತ್ತ, ಎಂಟೂವರೆಗೆ ಸರಿಯಾಗಿ ಬಾಟಲಿಯ ನೀರನ್ನು ಅಳೆಗಾಜಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬರೆಯುತ್ತಾರೆ. ಶಾಲೆಯ ಈಗಿನ ಟೀಚರ್ ಚೈತ್ರಶ್ರೀ, ಇಷ್ಟೆಲ್ಲ ಯಾಕೆ ಸಾರ್, ನಾನು ಸೋಮವಾರ ಎರಡು ದಿನದ್ದು ಒಟ್ಟಿಗೆ ಬರೆದರಾಯಿತಲ್ಲ ಎಂದು ಒಮ್ಮೆ ಹೇಳಿ ನೋಡಿದರು. ಆಗುತ್ತಿತ್ತು, ನನಗೇ ಆಗ ಹೊಳೆಯಲಿಲ್ಲ ಎಂದರಂತೆ ದೇವೀರಪ್ಪನವರು.

ಹೊಸ ಪುಸ್ತಕದಲ್ಲಿ ಒಂದೇ ಒಂದು ಭಾನುವಾರ ಖಾಲಿಯಿದೆ. ಹೋದ ಜುಲೈಯಲ್ಲಿ ರಸ್ತೆಗೆ ಮರ ಬಿದ್ದು ಬಸ್ಸು ಅರ್ಧ ದಾರಿಯಿಂದ ತಿರುಗಿದ ದಿನ ಅದು. ಮುಂದಿನ ವಾರ ಹೋದಾಗ ಅವರು ಆ ಚೌಕದ ಮುಂದೆ ಪೆನ್ನು ಹಿಡಿದು ಸುಮಾರು ಹೊತ್ತು ಕುಳಿತಿದ್ದರಂತೆ. ಕೊನೆಗೆ ಪಕ್ಕದ ಅಂಚಿನಲ್ಲಿ, ಮೊದಲಿನಷ್ಟು ದುಂಡಗಿಲ್ಲದ ಅಕ್ಷರದಲ್ಲಿ ಬರೆದರು: ಬರಲಾಗಲಿಲ್ಲ, ಗೊತ್ತಿಲ್ಲ.